ಟೈರ್ ಚಪ್ಪಲಿಯ ಓಟಗಾರರು

ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟಸಾಲಿನಲ್ಲಿ ಲೆಡ್‌ವಿಲ್ ಎಂಬ ಹಳೆಯ ಗಣಿಯೂರಿದೆ. ಸಮುದ್ರಮಟ್ಟದಿಂದ 3,000 ಮೀಟರಿಗೂ ಹೆಚ್ಚು ಎತ್ತರ. ಹೊಸಬರಿಗೆ ಸುಮ್ಮನೆ ನಡೆದರೂ ಏದುಸಿರು ಬರುವಂಥ ಜಾಗ. ಗಣಿ ಕೆಲಸ ಕುಸಿದು ಊರು ಸೊರಗಿದಾಗ ಜನರನ್ನು ಸೆಳೆಯಲೆಂದು 1983ರಲ್ಲಿ ಅಲ್ಲೊಂದು ಓಟದ ಸ್ಪರ್ಧೆ ಶುರುವಾಯಿತು. ಅದು ನೂರು ಮೀಟರಿನ ಓಟವಲ್ಲ, ನೂರು ಮೈಲಿಯದು! ಅಂದರೆ ಸುಮಾರು 160 ಕಿಲೋಮೀಟರು. ದಾರಿಯಲ್ಲಿ 3,800 ಮೀಟರು ಎತ್ತರದ ಬೆಟ್ಟದ ಏಣೊಂದನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹತ್ತಿ ಇಳಿಯಬೇಕು. ಮುಳ್ಳಯ್ಯನಗಿರಿಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿಯನ್ನು ಇಟ್ಟರೆ ಎಷ್ಟಾದೀತೋ ಅಷ್ಟು ಎತ್ತರ ಅದು. ಇದನ್ನೆಲ್ಲ 30 ಗಂಟೆಯೊಳಗೆ ಮುಗಿಸಬೇಕು. ಗಟ್ಟಿಗರೇ ಅರ್ಧದಲ್ಲಿ ಕೈಚೆಲ್ಲಿ ಕೂರುವುದುಂಟು.

1993ರಲ್ಲಿ ಈ ಓಟವನ್ನು ಗೆದ್ದವರ ವಯಸ್ಸು 55! ಹೆಸರು ವಿಕ್ಟೋರಿಯಾನೊ ಚುರ್ರೊ. ಮೆಕ್ಸಿಕೋದ ಬೆಟ್ಟಗಾಡಿನ ಒಬ್ಬ ರೈತ. ಕೋಚ್ ಇಲ್ಲ, ಗಡಿಯಾರವಿಲ್ಲ, ಹೇಳಿಕೊಳ್ಳುವಂಥ ಬೂಟೂ ಇಲ್ಲ. ಕಾಲಿಗಿದ್ದದ್ದು ಹಳೆಯ ಟೈರು ಕತ್ತರಿಸಿ, ಚರ್ಮದ ಬಾರು ಕಟ್ಟಿಕೊಂಡ ಚಪ್ಪಲಿ. ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಗಾಡಿ ಹೊಡೆಯುವವರು, ಕುರಿ ಕಾಯುವವರು ಮೆಟ್ಟುತ್ತಿದ್ದಂಥದೇ. ಎರಡನೆಯವರಾಗಿ ಬಂದವರೂ ಅದೇ ಬೆಟ್ಟದ ಅದೇ ಕುಲದವರು. ಮರುವರ್ಷ ಇವರ ಪೈಕಿ 25 ವರ್ಷದ ಹುವಾನ್ ಹೆರೆರಾ ಆ ನೂರು ಮೈಲಿಯನ್ನು 17 ಗಂಟೆ 30 ನಿಮಿಷ 42 ಸೆಕೆಂಡಿನಲ್ಲಿ ಓಡಿ ಮುಗಿಸಿದರು. ಅವರ ಹಿಂದೆ 18 ಗಂಟೆ 6 ನಿಮಿಷದಲ್ಲಿ ಬಂದವರು ಆ್ಯನ್ ಟ್ರೇಸನ್. ದೂರದ ಓಟದಲ್ಲಿ ಆ ಕಾಲದ ಮಹಿಳೆಯರ ಪೈಕಿ ಅವರನ್ನು ಮೀರಿಸುವವರಿರಲಿಲ್ಲ.

ಯಾರು ಈ ಜನ? ಹೊರಗಿನವರು ಇವರನ್ನು ತಾರಾಹುಮಾರ ಎಂದು ಕರೆಯುತ್ತಾರೆ. ಅವರು ತಮ್ಮನ್ನು ಕರೆದುಕೊಳ್ಳುವುದು ರರಾಮುರಿ ಎಂದು. ‘ಹಗುರ ಹೆಜ್ಜೆಯವರು’, ‘ಓಡುವ ಜನ’ ಎಂದೆಲ್ಲ ಆ ಹೆಸರಿಗೆ ಅರ್ಥ ಹೇಳುತ್ತಾರೆ.

ಲೆಡ್‌ವಿಲ್‌ನ ಗೆಲುವಿನ ಕತೆ ಪತ್ರಿಕೆಗಳಲ್ಲಿ ಬಂದದ್ದೇ ತಡ, ಎಲ್ಲರ ಬಾಯಲ್ಲೂ ಒಂದೇ ಮಾತು: ‘ಕಾಡುಜನ ತಾನೇ, ಅವರ ರಕ್ತದಲ್ಲೇ ಓಟವಿದೆ!’ ಈ ಮಾತು ಹೊಗಳಿಕೆಯಂತೆ ಕೇಳಿಸುತ್ತದೆ. ಆದರೆ ನಿಜವಾಗಿ ಕಲಿಯಬೇಕಾದದ್ದನ್ನೆಲ್ಲ ಈ ಒಂದು ಮಾತು ಮುಚ್ಚಿಹಾಕುತ್ತದೆ. ಅದು ಹೇಗೆಂದು ತಿಳಿಯಲು 1993ರ ಗೆಲುವಿಗಿಂತ ಅದರ ಹಿಂದಿನ ವರ್ಷದ ಸೋಲನ್ನು ನೋಡಬೇಕು.

1992ರಲ್ಲೂ ರರಾಮುರಿ ಓಟಗಾರರನ್ನು ಲೆಡ್‌ವಿಲ್‌ಗೆ ಕರೆತಂದಿದ್ದರು. ಆ ಸಲ ಒಬ್ಬರೂ ಗುರಿ ಮುಟ್ಟಲಿಲ್ಲ. ಕಾಲಿನ ಶಕ್ತಿ ಸಾಲದೆ ಹೋಯಿತೇ? ಹಾಗೇನಿಲ್ಲ. ಅಪರಿಚಿತ ದಾರಿ, ಅಪರಿಚಿತ ಬೂಟು, ಅಪರಿಚಿತ ಜನ. ದಾರಿಯುದ್ದಕ್ಕೂ ಮೇಜಿನ ಮೇಲೆ ತಿನಿಸು, ನೀರು ಇಟ್ಟಿದ್ದರೂ ಅದನ್ನು ಎತ್ತಿಕೊಳ್ಳಬಹುದೆಂದು ಅವರಿಗೆ ಗೊತ್ತಿರಲಿಲ್ಲವಂತೆ. ಯಾರಾದರೂ ಕರೆದು ಕೊಟ್ಟಾರೆಂದು ಸಂಕೋಚದಿಂದ ಪಕ್ಕದಲ್ಲಿ ನಿಂತಿದ್ದರಂತೆ. ಕೈಗೆ ಕೊಟ್ಟ ಬ್ಯಾಟರಿಯನ್ನು ಊರಿನ ದೊಂದಿಯ ಹಾಗೆ ಆಕಾಶಕ್ಕೆ ಹಿಡಿದು ಓಡಿದರೆಂಬ ಕತೆಯೂ ಇದೆ. ರಕ್ತದಲ್ಲೇ ಓಟವಿದ್ದರೆ 1992ರಲ್ಲೂ ಅದೇ ರಕ್ತವಿತ್ತಲ್ಲ! ಮರುವರ್ಷ ಬಂದವರು ದಾರಿಯನ್ನೂ ರೀತಿಯನ್ನೂ ಅರಿತು ಬಂದಿದ್ದರು. ಗೆದ್ದರು.

ಕಣಿವೆಯೇ ಕೋಟೆ

ಮೆಕ್ಸಿಕೋದ ವಾಯವ್ಯಕ್ಕೆ ಚಿವಾವಾ ಎಂಬ ರಾಜ್ಯ. ಅದರ ಪಶ್ಚಿಮದಂಚಿಗೆ ಸಿಯೆರಾ ಮಾಡ್ರೆ ಪರ್ವತಗಳು. ಇಲ್ಲಿ ನದಿಗಳು ಬೆಟ್ಟವನ್ನು ಕೊರೆದು ಕೊರೆದು ಭಾರೀ ಕಮರಿಗಳನ್ನು ಮಾಡಿವೆ. ಉರಿಕೆ ನದಿಯ ಕಮರಿ 1,800 ಮೀಟರಿಗೂ ಹೆಚ್ಚು ಆಳ. ಜಗತ್ಪ್ರಸಿದ್ಧವಾದ ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್‌ಗೆ ಇದು ಕಡಿಮೆಯೇನಲ್ಲ. ಮೇಲೆ ಪೈನ್ ಮರಗಳ ಚಳಿನಾಡು, ಚಳಿಗಾಲದಲ್ಲಿ ಹಿಮ ಬೀಳುತ್ತದೆ. ಕೆಳಗೆ ಇಳಿದರೆ ಕಿತ್ತಳೆ, ಪಪ್ಪಾಯಿ ಬೆಳೆಯುವ ಸೆಕೆನಾಡು. ಒಂದೇ ಬೆಟ್ಟಕ್ಕೆ ಎರಡು ಹವೆ! ಬೇಸಿಗೆಯಲ್ಲಿ ಮೇಲೆ, ಚಳಿಗಾಲದಲ್ಲಿ ಕೆಳಗೆ ಎಂದು ಮನೆ ಬದಲಿಸುವ ಕುಟುಂಬಗಳು ಇಲ್ಲಿ ಹಿಂದಿನಿಂದಲೂ ಇವೆ.

ಈ ದುರ್ಗಮ ಜಾಗಕ್ಕೆ ಅವರು ಪ್ರೀತಿಯಿಂದ ಬಂದು ಸೇರಿದವರಲ್ಲ. ಹದಿನೇಳನೆಯ ಶತಮಾನದಲ್ಲಿ ಸ್ಪೇನಿನವರು ಬೆಳ್ಳಿ ಗಣಿಗಳನ್ನು ತೆರೆದು ಸ್ಥಳೀಯರನ್ನು ಹಿಡಿದು ದುಡಿಸತೊಡಗಿದಾಗ ರರಾಮುರಿಗಳು ಹಲವು ಸಲ ದಂಗೆಯೆದ್ದರು. ಗೆಲ್ಲಲಾಗದಾಗ ಕುದುರೆ ಹತ್ತಲಾರದ ಕಡೆಗೆ ಸರಿದರು. ಕಡಿದಾದ ಇಳಿಜಾರೇ ಅವರ ಕೋಟೆಯಾಯಿತು. ಹಾಗೆ ಸರಿದವರ ಮನೆಗಳು ಇಂದಿಗೂ ಚದುರಿದಂತಿವೆ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಒಂದು ಹಳ್ಳ, ಒಂದು ಗುಡ್ಡ. ಪಕ್ಕದ ಮನೆಯವರಿಂದ ಉಪ್ಪು ತರಬೇಕೆಂದರೂ ಹತ್ತಿ ಇಳಿಯಲೇಬೇಕು. ಮೇಕೆ ಮೇಯಿಸುವ ಹುಡುಗ, ಹುಡುಗಿ ಬೆಳಗಿನಿಂದ ಸಂಜೆವರೆಗೆ ಹತ್ತಾರು ಕಿಲೋಮೀಟರು ಅಲೆಯುತ್ತಾರೆ. ಸೌದೆ ಹೊರುವುದು, ನೀರು ಹೊರುವುದು, ಇಳಿಜಾರಿನ ಕಲ್ಲುಗದ್ದೆಯಲ್ಲಿ ಎತ್ತು ಹೂಡಿ ಮರದ ನೇಗಿಲಿನಿಂದ ಉಳುವುದು ದಿನನಿತ್ಯದ ಕೆಲಸ. ಇದನ್ನು ‘ವ್ಯಾಯಾಮ’ ಎಂದು ಯಾರೂ ಕರೆಯುವುದಿಲ್ಲ. ಮೈ ಗಟ್ಟಿಯಾಗಲೆಂದು ಯಾರೂ ಮಾಡುವುದೂ ಇಲ್ಲ.

ಚೆಂಡು ಒದೆಯುತ್ತ ಹಗಲೂ ರಾತ್ರಿ

ರರಾಮುರಿಗಳ ಓಟವನ್ನು ಸರಿಯಾಗಿ ನೋಡಬೇಕಾದ ಜಾಗ ಲೆಡ್‌ವಿಲ್ ಅಲ್ಲ, ಅವರದೇ ಬೆಟ್ಟ. ಅಲ್ಲಿನ ಓಟಕ್ಕೆ ರರಾಹಿಪರಿ ಎಂದು ಹೆಸರು. ಇದು ಒಬ್ಬೊಬ್ಬರ ಓಟವಲ್ಲ, ತಂಡಗಳ ಓಟ. ಎರಡು ಊರುಗಳ ನಡುವೆಯೋ, ಒಂದೇ ಕಣಿವೆಯ ಮೇಲ್ಕೇರಿ ಕೆಳಕೇರಿಗಳ ನಡುವೆಯೋ ಪಂದ್ಯ ಏರ್ಪಡುತ್ತದೆ. ಪ್ರತಿ ತಂಡಕ್ಕೂ ಮರದಿಂದ ಕೆತ್ತಿದ ಒಂದು ಚೆಂಡು, ಗಾತ್ರ ಮುಷ್ಟಿಗಿಂತ ಕೊಂಚ ದೊಡ್ಡದು. ಅದನ್ನು ಕೈಯಲ್ಲಿ ಮುಟ್ಟುವಂತಿಲ್ಲ. ಕಾಲ್ಬೆರಳುಗಳ ತುದಿಯಲ್ಲಿ ಎತ್ತಿ ಮುಂದಕ್ಕೆ ಚಿಮ್ಮಿಸಬೇಕು, ಅದು ಬಿದ್ದ ಕಡೆಗೆ ಓಡಬೇಕು, ಮತ್ತೆ ಚಿಮ್ಮಿಸಬೇಕು. ಕಲ್ಲಿನ ಸಂದಿಗೋ ಮುಳ್ಳುಪೊದೆಗೋ ಚೆಂಡು ಬಿದ್ದರೆ ತಂಡವೆಲ್ಲ ಸೇರಿ ಹುಡುಕಬೇಕು. ಕೆಲವು ಕಿಲೋಮೀಟರಿನ ಒಂದು ಸುತ್ತು. ಅಂಥ ಸುತ್ತುಗಳು ಎಷ್ಟೆಂದು ಮೊದಲೇ ಮಾತಾಗಿರುತ್ತದೆ. ಸಾಲಾಗಿ ಜೋಡಿಸಿಟ್ಟ ಕಲ್ಲುಗಳೇ ಅಲ್ಲಿನ ಸ್ಕೋರ್‌ಬೋರ್ಡು. ಒಂದು ಸುತ್ತು ಮುಗಿದರೆ ಒಂದು ಕಲ್ಲು ಆಚೆಗೆ.

ದೊಡ್ಡ ಪಂದ್ಯಗಳಲ್ಲಿ ನೂರು ಕಿಲೋಮೀಟರು ದಾಟುವುದೂ ಉಂಟು. ಹೊತ್ತು ಮುಳುಗಿದರೂ ಓಟ ನಿಲ್ಲುವುದಿಲ್ಲ. ರಾಳ ತುಂಬಿದ ಪೈನ್ ಸಿಗುರುಗಳ ದೊಂದಿ ಹಚ್ಚಿ ಊರವರು ಓಟಗಾರರ ಜೊತೆಗೇ ಓಡುತ್ತಾರೆ. ಈ ಆಟದ ಸೊಗಸಿರುವುದೇ ಇಲ್ಲಿ. ನೋಡುವವರು ಬೇರೆ, ಓಡುವವರು ಬೇರೆ ಎಂಬ ಗೆರೆಯೇ ಅಲ್ಲಿಲ್ಲ. ಅಜ್ಜ ಒಂದಷ್ಟು ದೂರ ಜೊತೆಗೆ ಓಡಿ ನಿಲ್ಲುತ್ತಾನೆ, ಮೊಮ್ಮಗ ಮುಂದುವರಿಯುತ್ತಾನೆ. ಅಕ್ಕತಂಗಿಯರು ಸೋರೆಬುರುಡೆಯಲ್ಲಿ ನೀರು, ಹಿಟ್ಟಿನ ಗಂಜಿ ಹಿಡಿದು ಓಡುತ್ತಲೇ ಕುಡಿಸುತ್ತಾರೆ. ಹುರಿದುಂಬಿಸುವ ಕೂಗು ಬೆಟ್ಟದಿಂದ ಬೆಟ್ಟಕ್ಕೆ ಹಾಯುತ್ತದೆ.

ಹೆಂಗಸರಿಗೆ ಅವರದೇ ಓಟವಿದೆ, ಅದರ ಹೆಸರು ಅರಿವೆತೆ. ಅವರದು ಚೆಂಡಲ್ಲ, ಬಳ್ಳಿಯನ್ನೋ ಬಟ್ಟೆಯನ್ನೋ ಸುತ್ತಿ ಮಾಡಿದ ಸಣ್ಣ ಬಳೆ. ಅದನ್ನು ಕೋಲಿನ ತುದಿಯಲ್ಲಿ ಎತ್ತಿ ಎಸೆಯುತ್ತ, ನೆರಿಗೆಯ ಲಂಗ ಹಾರಿಸುತ್ತ ಓಡುತ್ತಾರೆ. ಮದುವೆಯಾದವರು, ಮಕ್ಕಳ ತಾಯಂದಿರು ಎಲ್ಲರೂ ಇದಕ್ಕೆ ಸಲ್ಲುತ್ತಾರೆ. ‘ಹುಡುಗಿ ದೊಡ್ಡವಳಾದಳು, ಇನ್ನು ಆಟ ಸಾಕು’ ಎಂಬ ಮಾತು ಅಲ್ಲಿ ನಡೆಯದು.

ಗೆದ್ದವರಿಗೆ ಪದಕವಿಲ್ಲ, ಪಾರಿತೋಷಕವಿಲ್ಲ. ಪಣ ಮಾತ್ರ ಜೋರು! ಅಂಗಿಗೆ ಅಂಗಿ, ಕಂಬಳಿಗೆ ಕಂಬಳಿ, ಮೇಕೆಗೆ ಮೇಕೆ. ಎರಡೂ ಕಡೆಯ ಪಣದ ವಸ್ತುಗಳನ್ನು ಜೋಡಿ ಮಾಡಿ ಇಟ್ಟಿರುತ್ತಾರೆ, ಗೆದ್ದ ಕಡೆಯವರು ಜೋಡಿಯನ್ನು ಒಯ್ಯುತ್ತಾರೆ. ಇಷ್ಟೆಲ್ಲ ಪಣವಿದ್ದರೂ ಹಿರಿಯರ ಕಣ್ಣಿಗೆ ಓಟವೆಂದರೆ ಒಂದು ಬಗೆಯ ಪ್ರಾರ್ಥನೆ. ರಾತ್ರಿಯಿಡೀ ಕುಣಿಯುವ ಅವರ ಕುಣಿತವೂ ಹಾಗೆಯೇ. ಮಳೆ ಬರಲಿ, ಬೆಳೆ ಬರಲಿ, ಜನಕ್ಕೆ ರೋಗ ಬಾರದಿರಲಿ ಎಂದು ಕುಣಿಯುತ್ತಾರೆ, ಅದಕ್ಕೇ ಓಡುತ್ತಾರೆ. ಜೂಜು, ಜಾತ್ರೆ, ದೇವರು ಮೂರೂ ಒಂದೇ ಕಡೆ ಸೇರಿದ್ದು ಕಂಡು ಹೊರಗಿನವರಿಗೆ ಗೊಂದಲವಾಗಬಹುದು. ಊರ ಜಾತ್ರೆಯಲ್ಲಿ ತೇರು ಎಳೆದು, ಆಮೇಲೆ ಕುಸ್ತಿ ನೋಡಿದ ಕನ್ನಡಿಗರಿಗೆ ಗೊಂದಲವಾಗಬಾರದು.

ಹುರಿಹಿಟ್ಟಿನ ಬಲ

ಇಷ್ಟು ಓಡುವವರು ತಿನ್ನುವುದೇನು? ಪೇಟೆಯ ಡಬ್ಬಿಗಳಲ್ಲಿ ಬರುವ ಪ್ರೋಟೀನ್ ಪುಡಿಯಲ್ಲ. ಮುಖ್ಯವಾಗಿ ಮೆಕ್ಕೆಜೋಳ ಮತ್ತು ಹುರುಳಿಕಾಯಿಯ ಜಾತಿಯ ಒಣಕಾಳು. ಜೊತೆಗೆ ಕುಂಬಳ, ಸೊಪ್ಪು, ಮೆಣಸಿನಕಾಯಿ. ಮಾಂಸ ಹಬ್ಬಕ್ಕೆ ಮಾತ್ರ. ಮೆಕ್ಕೆಜೋಳವನ್ನು ಹುರಿದು ಬೀಸಿ ಮಾಡಿದ ಪುಡಿಗೆ ಪಿನೋಲೆ ಎನ್ನುತ್ತಾರೆ. ಇದು ನಮ್ಮ ರಾಗಿ ಹುರಿಹಿಟ್ಟಿನ ನೆಂಟ! ಸಣ್ಣ ಚೀಲದಲ್ಲಿ ಕಟ್ಟಿಕೊಂಡರೆ ಎರಡು ದಿನದ ದಾರಿಗೆ ಸಾಕು. ನೀರಿಗೆ ಕಲಸಿ ಕುಡಿದರೆ ಊಟವೂ ಆಯಿತು, ಬಾಯಾರಿಕೆಯೂ ತಣಿಯಿತು.

1970ರ ದಶಕದಲ್ಲಿ ಅಮೆರಿಕದ ವೈದ್ಯರು ಅವರ ಊಟವನ್ನು ಅಳೆದು ನೋಡಿದರು. ಮೈಗೆ ಸೇರುವ ಶಕ್ತಿಯಲ್ಲಿ ಎಣ್ಣೆ, ಕೊಬ್ಬಿನ ಪಾಲು ನೂರಕ್ಕೆ 12 ಮಾತ್ರ. ರಕ್ತದಲ್ಲಿ ಕೊಲೆಸ್ಟರಾಲ್ ತೀರಾ ಕಡಿಮೆ. ಇಲ್ಲೂ ಅದೇ ಹಳೆಯ ಪ್ರಶ್ನೆ ಎದ್ದಿತು. ಇದು ಅವರ ಹುಟ್ಟುಗುಣವೇ, ಊಟದ ಗುಣವೇ?

ಉತ್ತರ ಸಿಕ್ಕಿದ್ದು 1991ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ. 13 ಮಂದಿ ರರಾಮುರಿಗಳು ಅದಕ್ಕೆ ಒಪ್ಪಿ ಬಂದಿದ್ದರು. ಮೊದಲ ವಾರ ಅವರದೇ ಊಟ, ದಿನಕ್ಕೆ 2,700 ಕ್ಯಾಲರಿ. ಆಮೇಲೆ ಐದು ವಾರ ಸಿರಿವಂತ ದೇಶದ ಊಟ. ಬೆಣ್ಣೆ, ಮೊಟ್ಟೆ, ಕೊಬ್ಬು, ಸಕ್ಕರೆ ಎಲ್ಲ ಸೇರಿ ದಿನಕ್ಕೆ 4,100 ಕ್ಯಾಲರಿ. ಐದೇ ವಾರ! ಅಷ್ಟರಲ್ಲಿ ರಕ್ತದ ಕೊಲೆಸ್ಟರಾಲ್ ಸರಾಸರಿ 121ರಿಂದ 159ಕ್ಕೆ ಜಿಗಿಯಿತು, ಅಂದರೆ ನೂರಕ್ಕೆ 31ರಷ್ಟು ಏರಿಕೆ. ಪ್ರತಿಯೊಬ್ಬರ ತೂಕವೂ ಹೆಚ್ಚಿತು, ಸರಾಸರಿ 3.8 ಕಿಲೋ. ಶತಮಾನಗಳ ಬೆಟ್ಟದ ಬಾಳು ಕೊಟ್ಟ ಮೈಕಟ್ಟಿಗೂ ಐದು ವಾರದ ಊಟವನ್ನು ತಡೆದುಕೊಳ್ಳಲಾಗಲಿಲ್ಲ.

ಇದೇ ಪರ್ವತಸಾಲಿನ ಇನ್ನೊಂದು ಕುಲದ ಕತೆ ಇನ್ನೂ ಸ್ಪಷ್ಟ. ಅವರ ಹೆಸರು ಪೀಮಾ. ಶತಮಾನಗಳ ಹಿಂದೆ ಈ ಕುಲ ಎರಡಾಗಿ ಒಡೆಯಿತು. ಒಂದು ಪಾಲಿನವರು ಮೆಕ್ಸಿಕೋದ ಮೈಕೋಬಾ ಎಂಬ ಬೆಟ್ಟದೂರಿನ ಸುತ್ತ ಹೊಲಗೆಲಸ ಮಾಡಿಕೊಂಡು ಉಳಿದರು. ಇನ್ನೊಂದು ಪಾಲು ಅಮೆರಿಕದ ಅರಿಜೋನಾದಲ್ಲಿ. ಅಲ್ಲಿ ಇವರ ಹೊಲಗಳಿಗೆ ಹರಿಯುತ್ತಿದ್ದ ನದಿನೀರನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೇಲಿನವರು ತಿರುಗಿಸಿಕೊಂಡರು. ಬೇಸಾಯ ಸತ್ತಿತು. ಸರ್ಕಾರ ಹಂಚಿದ ಹಿಟ್ಟು, ಕೊಬ್ಬು, ಸಕ್ಕರೆಯ ಮೇಲೆ ಬದುಕುವಂತಾಯಿತು. 2006ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮೆಕ್ಸಿಕೋದ ಪೀಮಾ ಜನರಲ್ಲಿ ಸಕ್ಕರೆ ಕಾಯಿಲೆ ನೂರಕ್ಕೆ 6.9. ಅರಿಜೋನಾದ ಅವರ ದಾಯಾದಿಗಳಲ್ಲಿ ನೂರಕ್ಕೆ 38! ರಕ್ತ ಒಂದೇ, ಬಾಳುವೆ ಬೇರೆ. ಶಾಲೆಯ ವಿಜ್ಞಾನ ಪಾಠದಲ್ಲಿ ಅನುವಂಶೀಯತೆ ಮತ್ತು ಪರಿಸರ ಎಂದು ಎರಡು ಪದ ಓದಿ ಬಾಯಿಪಾಠ ಮಾಡುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

‘ರಕ್ತದಲ್ಲೇ ಇದೆ’ ಎಂಬ ಮಾತು

ಓಟದ ವಿಷಯದಲ್ಲೂ ವಿಜ್ಞಾನಿಗಳು ಇಂಥದೇ ತೀರ್ಮಾನಕ್ಕೆ ಬಂದಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ರರಾಮುರಿಗಳ ನಡುವೆ ಹಲವು ವರ್ಷ ಕೆಲಸ ಮಾಡಿ 2020ರಲ್ಲಿ ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ಬರೆದವರ ಪೈಕಿ ಒಬ್ಬರು ಸ್ವತಃ ರರಾಮುರಿ ಓಟಗಾರರು, ಸಿಲ್ವಿನೊ ಕುಬೆಸಾರೆ ಎಂಬುವರು. ನಾಗರಿಕತೆ ಸೋಂಕದ ಜನರೆಲ್ಲ ಹುಟ್ಟಿನಿಂದಲೇ ಮಹಾ ಕ್ರೀಡಾಪಟುಗಳು, ಅವರಿಗೆ ನೋವಿಲ್ಲ, ದಣಿವಿಲ್ಲ ಎಂಬುದು ನಗರದವರು ಕಟ್ಟಿಕೊಂಡ ಕತೆ ಎನ್ನುತ್ತದೆ ಆ ಪ್ರಬಂಧ. ರರಾಮುರಿಗಳಿಗೂ ಕಾಲು ಹಿಡಿದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಸಾಕಪ್ಪಾ ಸಾಕು ಎನ್ನಿಸುತ್ತದೆ. ಅಷ್ಟೇ ಏಕೆ, ಎಲ್ಲ ರರಾಮುರಿಗಳೂ ದೊಡ್ಡ ಓಟಗಾರರೇನಲ್ಲ. ನೂರು ಕಿಲೋಮೀಟರು ಓಡಬಲ್ಲವರು ಅಲ್ಲೂ ಕೆಲವರೇ. ಉಳಿದವರು ನಡೆಯುತ್ತಾರೆ, ದುಡಿಯುತ್ತಾರೆ, ಕುಣಿಯುತ್ತಾರೆ, ಸ್ವಲ್ಪ ಸ್ವಲ್ಪ ಓಡುತ್ತಾರೆ.

ನಾರ್ವೆಯ ಪ್ರವಾಸಿ ಕಾರ್ಲ್ ಲುಮ್‌ಹೋಲ್ಟ್ಸ್ 1890ರ ದಶಕದಲ್ಲೇ ಈ ಬೆಟ್ಟಗಳಲ್ಲಿ ಅಲೆದು, ರರಾಮುರಿಗಳು ಜಿಂಕೆಯನ್ನು ದಿನಗಟ್ಟಲೆ ಬೆನ್ನಟ್ಟಿ ದಣಿಸಿ ಹಿಡಿಯುವುದನ್ನು ಬರೆದಿಟ್ಟಿದ್ದ. ಬೇಟೆಯಲ್ಲಿ ಕಾಲಿನಷ್ಟೇ ಕಣ್ಣಿಗೂ ಕೆಲಸ. ಹೆಜ್ಜೆ ಗುರುತು ಹಿಡಿಯಬೇಕು, ಜಿಂಕೆ ಎತ್ತ ತಿರುಗೀತೆಂದು ಊಹಿಸಬೇಕು, ದಾರಿಗೆ ಅಡ್ಡಲಾಗಿ ಜೊತೆಗಾರರನ್ನು ನಿಲ್ಲಿಸಬೇಕು. ಕಲಿತ ವಿದ್ಯೆಯನ್ನೆಲ್ಲ ‘ಸಹಜ ಶಕ್ತಿ’ ಎಂದುಬಿಟ್ಟರೆ ಕಲಿತವನ ಶ್ರಮಕ್ಕೆ ಬೆಲೆ ಎಲ್ಲಿ?

ಇಂಥ ತಪ್ಪು ಲೆಕ್ಕ ಕರ್ನಾಟಕದಲ್ಲೂ ನಡೆದಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದವರ ಸಂತತಿ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಈ ಊರುಗಳ ಹುಡುಗ ಹುಡುಗಿಯರನ್ನು ಆರಿಸಿ ತರಬೇತಿಗೆ ಕರೆದೊಯ್ಯಿತು. ಆಫ್ರಿಕ ಮೂಲದವರು, ಓಟದಲ್ಲಿ ಒಲಿಂಪಿಕ್ ಪದಕ ತಂದಾರು ಎಂಬುದು ಲೆಕ್ಕ. ಹುಡುಗರು ಚೆನ್ನಾಗಿಯೇ ಓಡಿದರು, ರಾಷ್ಟ್ರಮಟ್ಟದಲ್ಲೂ ಹೆಸರು ಮಾಡಿದರು. ಆದರೆ ಕೆಲವೇ ವರ್ಷಗಳಲ್ಲಿ ಆ ಪ್ರಯತ್ನವನ್ನು ಕೈಬಿಡಲಾಯಿತು. ಹಲವರು ಮತ್ತೆ ಊರಿಗೆ, ಕೂಲಿಗೆ ಮರಳಿದರು. ರಕ್ತವನ್ನು ನಂಬಿ ಶುರುಮಾಡಿದ ಕೆಲಸ ಪದಕ ಕೂಡಲೇ ಬಾರದಿದ್ದರೆ ನಿಂತುಹೋಗುತ್ತದೆ. ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು ಅದೆಲ್ಲ ಮುಗಿದ ಎಷ್ಟೋ ಕಾಲದ ಮೇಲೆ, 2003ರಲ್ಲಿ.

ಇನ್ನೊಂದು ಬಗೆಯ ಅವಸರವೂ ಉಂಟು. 2009ರಲ್ಲಿ ಅಮೆರಿಕದ ಕ್ರಿಸ್ಟೋಫರ್ ಮೆಕ್‌ಡೂಗಲ್ ರರಾಮುರಿಗಳ ಬಗ್ಗೆ ‘ಬಾರ್ನ್ ಟು ರನ್’ ಎಂಬ ಪುಸ್ತಕ ಬರೆದರು. ಅದು ಜಗತ್ತಿನಾದ್ಯಂತ ಮಾರಾಟವಾಯಿತು. ಓದಿದವರೆಲ್ಲ ದಪ್ಪ ಬೂಟು ಎಸೆದು ಬರಿಗಾಲಲ್ಲಿ, ತೆಳು ಅಟ್ಟೆಯಲ್ಲಿ ಓಡತೊಡಗಿದರು. ಬೆರಳು ಬೆರಳಿಗೂ ಗವಸಿದ್ದ ವಿಚಿತ್ರ ಬೂಟುಗಳು ಬಂದವು. ಬಹಳ ಮಂದಿ ಕಾಲುನೋವು ತಂದುಕೊಂಡರು. ಕಾಲಿಗೆ ಒಳ್ಳೆಯದೆಂದು ಪುರಾವೆಯಿಲ್ಲದೆ ಜಾಹೀರಾತು ಮಾಡಿದ್ದಕ್ಕಾಗಿ ಒಂದು ಕಂಪನಿ ಮೊಕದ್ದಮೆ ಎದುರಿಸಿ, 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಟೈರ್ ಚಪ್ಪಲಿಯನ್ನು ಕೊಂಡುಕೊಳ್ಳಬಹುದು, ಅದರಲ್ಲಿ ಬಾಲ್ಯದಿಂದ ನಡೆದ ಬೆಟ್ಟವನ್ನು ಕೊಳ್ಳಲಾಗದು! 2018ರ ಒಂದು ಅಧ್ಯಯನ ರರಾಮುರಿ ಗಂಡಸರ ಪಾದಗಳನ್ನು ಅಮೆರಿಕದವರ ಪಾದಗಳೊಂದಿಗೆ ಹೋಲಿಸಿತು. ಚಪ್ಪಲಿಯಲ್ಲೇ ಬಾಳಿದವರ ಪಾದದ ಕಮಾನು ಹೆಚ್ಚು ಬಿಗಿ, ಪಾದದ ಕೆಲವು ಸ್ನಾಯುಗಳು ಹೆಚ್ಚು ದಪ್ಪ. ಆ ಸ್ನಾಯು ಒಂದು ಬೇಸಿಗೆ ಶಿಬಿರದಲ್ಲಿ ಬಂದದ್ದಲ್ಲ.

ಹಾಗಾದರೆ ಬೆಂಗಳೂರಿನ ಮೂರನೆಯ ಮಹಡಿಯಲ್ಲಿ ಬೆಳೆಯುವ ಹುಡುಗ ಇವರಿಂದ ಏನು ತೆಗೆದುಕೊಂಡಾನು? ಮೇಕೆ ಮೇಯಿಸೆಂದು ಅವನಿಗೆ ಹೇಳಲಾಗದು. ಆದರೆ ರರಾಮುರಿಗಳ ಎರಡು ರೂಢಿಗಳು ಎಲ್ಲಿಯಾದರೂ ಸಲ್ಲುವಂಥವು. ಒಂದು, ಮೈ ಕೆಲಸ ದಿನದ ಬದುಕಿನೊಳಗೇ ಸೇರಿರುವುದು. ಅಂಗಡಿಗೆ, ಶಾಲೆಗೆ ನಡೆದು ಹೋಗುವುದು, ನೀರಿನ ಬಿಂದಿಗೆ ಎತ್ತುವುದು, ಮಹಡಿ ಮೆಟ್ಟಿಲು ಹತ್ತುವುದು. ‘ಅದೆಲ್ಲ ಬೇಡ, ನೀನು ಓದಿಕೋ’ ಎಂದು ಕಸಿದುಕೊಂಡು, ಆಮೇಲೆ ದುಡ್ಡು ಕೊಟ್ಟು ಜಿಮ್ಮಿಗೆ ಕಳಿಸುವ ತಂದೆತಾಯಿಗಳು ಕಡಿಮೆಯಿಲ್ಲ. ಇನ್ನೊಂದು, ಆಟ ಎಲ್ಲರದಾಗಿರುವುದು. ನಮ್ಮ ಬಹಳಷ್ಟು ಶಾಲೆಗಳ ಕ್ರೀಡಾದಿನದಲ್ಲಿ ಎಂಟು ಮಂದಿ ಓಡುತ್ತಾರೆ, ಎಂಟುನೂರು ಮಂದಿ ಶಾಮಿಯಾನದಡಿ ಕೂತು ಚಪ್ಪಾಳೆ ತಟ್ಟುತ್ತಾರೆ. ಆ ಎಂಟು ಮಂದಿಯೂ ಹತ್ತನೇ ತರಗತಿಗೆ ಬರುತ್ತಲೇ ಓಟ ಬಿಡುತ್ತಾರೆ. ರರಾಹಿಪರಿಯಲ್ಲಾದರೆ ಆ ಎಂಟುನೂರು ಮಂದಿಯೂ ನೀರು ಹಿಡಿದುಕೊಂಡಾದರೂ ಓಡಬೇಕಾಗುತ್ತಿತ್ತು.

ಕಣಿವೆಗೆ ಬಂದ ಕಷ್ಟ

ಇವರ ಬದುಕನ್ನು ಸ್ವರ್ಗವೆಂದು ಬಣ್ಣಿಸುವುದೂ ಸುಳ್ಳಾದೀತು. ಬಡತನ ಕಿತ್ತು ತಿನ್ನುತ್ತದೆ. ಮಳೆ ತಪ್ಪಿದರೆ ಜೋಳವಿಲ್ಲ. 2011–12ರ ಬರದಲ್ಲಿ ಇಡೀ ಸಿಯೆರಾ ಹಸಿದಿತ್ತು. ಆಸ್ಪತ್ರೆ ದೂರ, ಕೂಸುಗಳ ಸಾವು ಹೆಚ್ಚು. ಇಂಥ ಕಡೆ ಜನರನ್ನು ಹಿಡಿದಿಟ್ಟಿರುವುದು ಕೋರಿಮಾ ಎಂಬ ಪದ್ಧತಿ. ಇದ್ದವನು ಇಲ್ಲದವನಿಗೆ ಕೊಡಬೇಕು. ಅದು ಭಿಕ್ಷೆಯಲ್ಲ, ಸಾಲವೂ ಅಲ್ಲ. ಕೇಳಿದವನು ತಲೆ ತಗ್ಗಿಸಬೇಕಾಗಿಲ್ಲ. ಹೊಲದ ಕೆಲಸವೂ ಮುಯ್ಯಾಳಿನ ಹಾಗೆ. ನೆರೆಯವರನ್ನೆಲ್ಲ ಕರೆದು ಕಳೆ ತೆಗೆಸಿ, ಕೊಯ್ಲು ಮಾಡಿಸಿ, ಮೊಳಕೆಯ ಜೋಳದಿಂದ ಹುಳಿ ಬರಿಸಿದ ತೆಸ್ವಿನೋ ಎಂಬ ಪೇಯ ಹಂಚುತ್ತಾರೆ. ಅದು ಹೆಂಡವೇ. ಕುಡಿತ ಮಿತಿಮೀರಿ ಜಗಳವಾಗುವುದೂ ಇದೆ.

ಹೊಸ ಕಷ್ಟಗಳು ಇನ್ನೂ ದೊಡ್ಡವು. ರಸ್ತೆ ಬಂತು, ಅದರ ಹಿಂದೆ ಮರ ಕಡಿಯುವವರು ಬಂದರು. ಇಳಿಜಾರಿನ ಮರೆಯಲ್ಲಿ ಅಫೀಮು, ಗಾಂಜಾ ಬೆಳೆಸುವ ಗುಂಪುಗಳು ಬಂದು ಸೇರಿದವು. ಕಾಡು ಉಳಿಸಲು ಹೋರಾಡಿ 2005ರಲ್ಲಿ ಗೋಲ್ಡ್‌ಮನ್ ಪರಿಸರ ಪ್ರಶಸ್ತಿ ಪಡೆದ ರರಾಮುರಿ ನಾಯಕ ಇಸಿದ್ರೊ ಬಾಲ್ದೆನೆಗ್ರೊ ಅವರನ್ನು 2017ರ ಜನವರಿಯಲ್ಲಿ ಗುಂಡಿಟ್ಟು ಕೊಂದರು. ಅವರ ತಂದೆಯನ್ನೂ ಹಿಂದೆ ಹಾಗೆಯೇ ಕೊಂದಿದ್ದರು. 2022ರ ಜೂನಿನಲ್ಲಿ ಸೆರೊಕಾವಿ ಎಂಬ ಊರಿನ ಚರ್ಚಿನೊಳಗೇ ಇಬ್ಬರು ವೃದ್ಧ ಪಾದ್ರಿಗಳ ಕೊಲೆಯಾಯಿತು. ಓಡಿ ತಪ್ಪಿಸಿಕೊಂಡವರ ಮಕ್ಕಳಿಗೆ ಇನ್ನು ಓಡಿ ಹೋಗಲು ಜಾಗವಿಲ್ಲ. ಬಹಳಷ್ಟು ಕುಟುಂಬಗಳು ಚಿವಾವಾ ನಗರಕ್ಕೆ ಕೂಲಿಗೆ ಇಳಿದಿವೆ. ಬೆಟ್ಟದ ಅಂಗಡಿಗಳಿಗೂ ಬಾಟಲಿ ಪಾನೀಯ, ಪೊಟ್ಟಣದ ಶ್ಯಾವಿಗೆ ತಲುಪಿವೆ. 1991ರ ಆ ಐದು ವಾರಗಳ ಪ್ರಯೋಗ ಈಗ ವರ್ಷಗಟ್ಟಲೆ ನಡೆಯುತ್ತಿದೆ ಎನ್ನಬಹುದು.

ಆದರೂ ಓಟ ನಿಂತಿಲ್ಲ. 2017ರ ಏಪ್ರಿಲ್‌ನಲ್ಲಿ ಪುಏಬ್ಲಾ ರಾಜ್ಯದಲ್ಲಿ ನಡೆದ 50 ಕಿಲೋಮೀಟರಿನ ಬೆಟ್ಟದ ಓಟಕ್ಕೆ 22 ವರ್ಷದ ಮರಿಯಾ ಲೊರೆನಾ ರಮೀರೆಸ್ ಬಂದಿದ್ದರು. ಮೇಕೆ ಕಾಯುವ ಹುಡುಗಿ. ಹೂಗಳ ನೆರಿಗೆ ಲಂಗ, ತಲೆಗೆ ವಸ್ತ್ರ, ಕಾಲಿಗೆ ಟೈರ್ ಚಪ್ಪಲಿ. ಬೇರೆ ಬೇರೆ ದೇಶಗಳಿಂದ ಬಂದ ಮಹಿಳೆಯರನ್ನೆಲ್ಲ ಹಿಂದೆ ಹಾಕಿ 7 ಗಂಟೆ 3 ನಿಮಿಷದಲ್ಲಿ ಓಟ ಮುಗಿಸಿ ಮೊದಲಿಗರಾದರು. ಬಹುಮಾನ 6,000 ಪೆಸೊ. ಅವರ ತಂದೆ, ಅಣ್ಣ, ತಂಗಿ ಎಲ್ಲರೂ ಓಟಗಾರರು. ಮನೆಯ ಬಳಿ ಒಟ್ಟಿಗೇ ಓಡುತ್ತಾರೆ. 2019ರಲ್ಲಿ ಅವರ ಬಗ್ಗೆ ಒಂದು ಸಾಕ್ಷ್ಯಚಿತ್ರವೂ ಬಂತು. ಹೆಸರು ಬಂದ ಮೇಲೆ ಕಂಪನಿಗಳು ಬೂಟು ಕಳಿಸಿದವು, ಲೊರೆನಾ ಚಪ್ಪಲಿಯನ್ನು ಬಿಡಲಿಲ್ಲ.

ಉರಿಕೆ ಕಣಿವೆಯಲ್ಲಿ 2003ರಿಂದ ಪ್ರತಿವರ್ಷ ಸುಮಾರು 80 ಕಿಲೋಮೀಟರಿನ ಒಂದು ಓಟ ನಡೆಯುತ್ತ ಬಂದಿದೆ. ಅದನ್ನು ಶುರುಮಾಡಿದವರು ಅಲ್ಲೇ ಬಂದು ನೆಲೆಸಿದ್ದ ಅಮೆರಿಕನ್ ಓಟಗಾರ ಮೈಕಾ ಟ್ರೂ. ಜನ ಅವರನ್ನು ‘ಬಿಳಿ ಕುದುರೆ’ ಎಂದು ಕರೆಯುತ್ತಿದ್ದರು. 2012ರಲ್ಲಿ ಕಾಡಿನಲ್ಲಿ ಓಡಲು ಹೋಗಿದ್ದಾಗಲೇ ಅವರು ತೀರಿಕೊಂಡರು. ಈಗ ಓಟಕ್ಕೆ ಅವರದೇ ಹೆಸರು. 2015ರಲ್ಲಿ ಗುಂಪುಗಳ ಗುಂಡಿನ ಕಾಳಗದಿಂದಾಗಿ ಸಂಘಟಕರು ಅದನ್ನು ರದ್ದು ಮಾಡಬೇಕಾಯಿತು. ಆಮೇಲೆ ಮತ್ತೆ ನಡೆಯಿತು. ಅಲ್ಲಿ ಗೆದ್ದವರಿಗೆ ಮಾತ್ರವಲ್ಲ, ಓಟ ಮುಗಿಸಿದ ಪ್ರತಿಯೊಬ್ಬ ರರಾಮುರಿಗೂ ಮೆಕ್ಕೆಜೋಳದ ಚೀಟಿ ಸಿಗುತ್ತದೆ. ಹೊರದೇಶಗಳಿಂದ ಬಂದು ಓಡಿದವರೂ ತಮ್ಮ ಪಾಲಿನ ಚೀಟಿಯನ್ನು ಊರವರಿಗೇ ಕೊಟ್ಟು ಹೋಗುತ್ತಾರೆ. ಮರುದಿನ ಬೆಳಿಗ್ಗೆ ಓಟಗಾರರು ಜೋಳದ ಮೂಟೆ ಹೊತ್ತು ಬೆಟ್ಟ ಹತ್ತತೊಡಗುತ್ತಾರೆ. ಕೆಲವರ ಮನೆಗೆ ಅಲ್ಲಿಂದ ಇನ್ನೊಂದು ದಿನದ ದಾರಿ.